ಶಾಲಾ ಪ್ರವೇಶಾಧಿಕಾರಿ ಹುದ್ದೆಯ ಸಂದರ್ಶನಕ್ಕೆ ತಯಾರಿ: ಉತ್ತರ ಕನ್ನಡದ ಅಭ್ಯರ್ಥಿಗಳಿಗೆ

ಕಾರವಾರ, ಕುಮಟಾ, ಹೊನ್ನಾವರ, ಶಿರಸಿಗಳ ಖಾಸಗಿ ಶಾಲೆಗಳಲ್ಲಿ ಮಕ್ಕಳನ್ನು ದಾಖಲು ಮಾಡಿಕೊಳ್ಳುವ ಕೆಲಸವನ್ನು ಬಹುಕಾಲ ಮುಖ್ಯಾಧ್ಯಾಪಕರೂ ಕಚೇರಿಯ ಗುಮಾಸ್ತರೂ ಸೇರಿ ನಿಭಾಯಿಸುತ್ತಿದ್ದರು. ಈಗ ವಿದ್ಯಾರ್ಥಿಗಳ ಸಂಖ್ಯೆ ದೊಡ್ಡದಿರುವ ಅಥವಾ ವಸತಿ ವ್ಯವಸ್ಥೆಯಿರುವ ಶಾಲೆಗಳು ಇದಕ್ಕೆಂದೇ ಒಬ್ಬರನ್ನು ನೇಮಿಸಿಕೊಳ್ಳತೊಡಗಿವೆ. ಹುದ್ದೆಯ ಹೆಸರು ಕೆಲವೆಡೆ ಪ್ರವೇಶಾಧಿಕಾರಿ, ಕೆಲವೆಡೆ ಅಡ್ಮಿಷನ್ ಕೌನ್ಸೆಲರ್. ಹೆಸರು ಯಾವುದಿದ್ದರೂ ಪಾಲಕರೊಡನೆ ಮಾತನಾಡುವುದು, ಕಾಗದಪತ್ರ ಪರಿಶೀಲಿಸುವುದು, ಸೀಟುಗಳು ಖಾಲಿ ಉಳಿಯದಂತೆ ನೋಡಿಕೊಳ್ಳುವುದು ಈ ಮೂರೂ ಆ ಮೇಜಿನ ಮೇಲೆಯೇ ನಡೆಯಬೇಕು. ಸಂದರ್ಶನಕ್ಕೆ ಬರುವವರಲ್ಲಿ ಹೆಚ್ಚಿನವರು ಮೊದಲನೆಯದಕ್ಕೆ, ಅಂದರೆ ಚೆನ್ನಾಗಿ ಮಾತನಾಡುವುದಕ್ಕೆ, ಮಾತ್ರ ಸಿದ್ಧರಾಗಿ ಬರುತ್ತಾರೆ. ಆಯ್ಕೆ ಸಮಿತಿಯವರಿಗೆ ನಿಜವಾಗಿ ಆತಂಕವಿರುವುದು ಎರಡನೆಯದರ ಬಗ್ಗೆ. ದಾಖಲಾತಿಯ ದಿನ ರಜಿಸ್ಟರಿನಲ್ಲಿ ಬರೆದ ಒಂದು ಹೆಸರು, ಒಂದು ಜನ್ಮದಿನಾಂಕ, ಒಂದು ಜಾತಿ ಕಾಲಂ ಆ ಮಗುವಿನ ಜೊತೆಗೆ ಜೀವನಪೂರ್ತಿ ನಡೆಯುತ್ತದೆ. ಆ ಹೊಣೆಯನ್ನು ನಂಬಿ ಒಪ್ಪಿಸಬಹುದಾದ ವ್ಯಕ್ತಿ ತಾನು ಎಂದು ತೋರಿಸಿಕೊಡುವುದೇ ಈ ಸಂದರ್ಶನದ ತಯಾರಿಯ ತಿರುಳು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲ ಹೆಜ್ಜೆ, ಶಾಲೆಯ ಅರ್ಜಿ ನಮೂನೆಯನ್ನು ತರಿಸಿಕೊಳ್ಳುವುದು. ಶಾಲೆಯ ಜಾಲತಾಣದಲ್ಲಿ ಸಿಗದಿದ್ದರೆ ಕಚೇರಿಗೆ ಹೋಗಿ ಕೇಳಿ. ಉದ್ಯೋಗಾರ್ಥಿಯೆಂದು ಹೇಳಿಕೊಂಡೇ ಕೇಳಬಹುದು, ಅದರಲ್ಲಿ ಮುಚ್ಚುಮರೆ ಬೇಕಿಲ್ಲ. ನಂತರ ನಿಮ್ಮ ಅಕ್ಕನ ಮಗುವೋ ನೆರೆಮನೆಯ ಮಗುವೋ, ಒಂದು ನಿಜವಾದ ಮಗುವಿನ ಹೆಸರಿನಲ್ಲಿ, ಆ ಮನೆಯವರ ಒಪ್ಪಿಗೆ ಪಡೆದು, ನಮೂನೆಯನ್ನು ಮೊದಲಿನಿಂದ ಕೊನೆಯವರೆಗೆ ತುಂಬಿರಿ. ಜನನ ಪ್ರಮಾಣಪತ್ರವನ್ನು ಎದುರಿಗಿಟ್ಟುಕೊಂಡೇ ಹೆಸರು ಬರೆಯಿರಿ. ಎಲ್ಲಿ ಪೆನ್ನು ನಿಂತಿತೋ ಅಲ್ಲಿ ಗುರುತು ಹಾಕಿ: ಆದಾಯ ಪ್ರಮಾಣಪತ್ರದ ಸಂಖ್ಯೆ ಯಾವುದು, ಹಿಂದಿನ ಶಾಲೆಯ ಸ್ಯಾಟ್ಸ್ ಸಂಖ್ಯೆ (ರಾಜ್ಯದ ವಿದ್ಯಾರ್ಥಿ ಮಾಹಿತಿ ತಂತ್ರಾಂಶದಲ್ಲಿ ಮಗುವಿಗೆ ಕೊಟ್ಟಿರುವ ಸಂಖ್ಯೆ) ಎಲ್ಲಿ ಸಿಗುತ್ತದೆ, ಮಾತೃಭಾಷೆಯ ಕಾಲಮಿನಲ್ಲಿ ಕೊಂಕಣಿ ಎಂದು ಬರೆದರೆ ಪ್ರಥಮ ಭಾಷೆ ಯಾವುದೆಂದು ಬರೆಯಬೇಕು. ನೀವು ತಡವರಿಸಿದ ಜಾಗದಲ್ಲಿಯೇ ಪಾಲಕರೂ ತಡವರಿಸುತ್ತಾರೆ. ಇಷ್ಟು ಮಾಡಿಕೊಂಡು ಹೋದವರು, ‘ನಮ್ಮ ಶಾಲೆಯ ಪ್ರವೇಶ ಪ್ರಕ್ರಿಯೆಯಲ್ಲಿ ಏನು ಸುಧಾರಿಸಬಹುದು?’ ಎಂಬ ಪ್ರಶ್ನೆ ಬಂದಾಗ ಗಾಳಿಯಲ್ಲಿ ಮಾತನಾಡಬೇಕಾಗುವುದಿಲ್ಲ; ನಮೂನೆಯ ಇಂತಹ ಕಾಲಂ ಕೆಳಗೆ ಕನ್ನಡದಲ್ಲಿ ಒಂದು ಸಾಲಿನ ವಿವರಣೆ ಬೇಕು ಎಂದು ನೇರವಾಗಿ ಹೇಳಬಲ್ಲರು.

ಎರಡನೆಯದಾಗಿ, ಆ ಶಾಲೆಗೆ ಮಕ್ಕಳು ಎಲ್ಲಿಂದ ಬರುತ್ತಾರೆಂಬುದನ್ನು ತಿಳಿದುಕೊಳ್ಳಬೇಕು. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಒಂದೇ ಉತ್ತರವಿಲ್ಲ. ಕಾರವಾರದ ಶಾಲೆಯಾದರೆ ಐ.ಎನ್.ಎಸ್. ಕದಂಬ ನೌಕಾನೆಲೆಯ ಮತ್ತು ಕೈಗಾ ಅಣುವಿದ್ಯುತ್ ಕೇಂದ್ರದ ನೌಕರರ ಕುಟುಂಬಗಳು ವರ್ಗಾವಣೆಯ ಮೇಲೆ ಬರುತ್ತವೆ, ಹೋಗುತ್ತವೆ. ಈ ಕುಟುಂಬಗಳಿಗೆ ಕೇಂದ್ರೀಯ ವಿದ್ಯಾಲಯ, ಮಲ್ಲಾಪುರ ಟೌನ್‌ಶಿಪ್ಪಿನ ಅಣುಶಕ್ತಿ ಕೇಂದ್ರೀಯ ಶಾಲೆ ಇವೆಯಾದರೂ ಸೀಟು ಸಿಗದವರು, ನಗರದಲ್ಲಿ ಮನೆ ಮಾಡಿದವರು ಖಾಸಗಿ ಶಾಲೆಗಳ ಬಾಗಿಲಿಗೆ ಬರುತ್ತಾರೆ, ಅದೂ ಅನೇಕ ಸಲ ಶೈಕ್ಷಣಿಕ ವರ್ಷದ ನಡುವೆ. ಬೇರೆ ರಾಜ್ಯದ, ಬೇರೆ ಬೋರ್ಡಿನ ವರ್ಗಾವಣೆ ಪತ್ರವನ್ನು ಓದಲು ಬರುವುದು ಇಲ್ಲಿ ದಿನನಿತ್ಯದ ಕೆಲಸ. ಕನ್ನಡವನ್ನೇ ಕೇಳದೆ ಬೆಳೆದ ಮಗುವಿನ ತಂದೆ ‘ಕನ್ನಡ ಕಲಿಯಲೇಬೇಕೇ?’ ಎಂದು ಕೇಳುತ್ತಾರೆ. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯಂತೆ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಬೇಕಾಗಿದೆ ಎಂದು ತಿಳಿಸಿ, ಹೊಸದಾಗಿ ಕಲಿಯುವವರಿಗೆ ಶಾಲೆ ಯಾವ ನೆರವು ಕೊಡುತ್ತದೆ ಎಂಬುದನ್ನೂ ಹೇಳುವವನೇ ಪೂರ್ಣ ಉತ್ತರ ಕೊಟ್ಟಂತೆ.

ಶಿರಸಿಯ ಕಡೆಗೆ ಬಂದರೆ ಪ್ರಶ್ನೆಗಳು ಬೇರೆ. ಅಡಿಕೆ ತೋಟದ ಮನೆಗಳು ಚದುರಿದ ಹಳ್ಳಿಗಳಲ್ಲಿರುವುದರಿಂದ ಪಾಲಕರು ಮೊದಲು ಕೇಳುವುದು ಶಾಲಾ ವಾಹನದ ದಾರಿಯನ್ನು, ಇಲ್ಲವೇ ವಸತಿ ನಿಲಯವನ್ನು. ಮುಂಡಗೋಡ, ಯಲ್ಲಾಪುರ, ಹಳಿಯಾಳದ ಕಡೆಯ ಶಾಲೆಗಳಿಗೆ ಟಿಬೆಟನ್ ಶಿಬಿರದ ಮಕ್ಕಳೂ ಸಿದ್ದಿ ಸಮುದಾಯದ ಮಕ್ಕಳೂ ಬರುತ್ತಾರೆ; ಉತ್ತರ ಕನ್ನಡದ ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆಂಬುದನ್ನು ಅರಿಯದ ಪ್ರವೇಶಾಧಿಕಾರಿ ಒಂದು ಮಗುವಿಗೆ ಸಿಗಬೇಕಾದ ವಿದ್ಯಾರ್ಥಿವೇತನವನ್ನೇ ತಪ್ಪಿಸಬಲ್ಲ. ಆಡಳಿತದ ರಚನೆಯೂ ಗೊತ್ತಿರಲಿ: ಜಿಲ್ಲೆ ಒಂದೇ ಆದರೂ ಶೈಕ್ಷಣಿಕ ಜಿಲ್ಲೆಗಳು ಎರಡು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳಗಳು ಒಂದರಲ್ಲಿ; ಘಟ್ಟದ ಮೇಲಿನ ತಾಲೂಕುಗಳು ಶಿರಸಿ ಶೈಕ್ಷಣಿಕ ಜಿಲ್ಲೆಯಲ್ಲಿ. ಒಂದೊಂದಕ್ಕೂ ಬೇರೆ ಉಪನಿರ್ದೇಶಕರಿದ್ದಾರೆ, ತಾಲೂಕಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿದ್ದಾರೆ. ‘ತಿದ್ದುಪಡಿಗೆ ಯಾರಿಗೆ ಪತ್ರ ಬರೆಯುತ್ತೀರಿ?’ ಎಂಬ ಸರಳ ಪ್ರಶ್ನೆಗೆ ಎಷ್ಟೋ ಪದವೀಧರರು ಉತ್ತರಿಸಲಾರದೆ ಕುಳಿತಿರುತ್ತಾರೆ.

ಕಾನೂನು: ಸೆಕ್ಷನ್ ಸಂಖ್ಯೆಗಿಂತ ಸಂದರ್ಭ ಮುಖ್ಯ

ಸಮಿತಿಯವರು ಕಾಯ್ದೆಯ ಪಾಠ ಒಪ್ಪಿಸಲು ಹೇಳುವುದು ಅಪರೂಪ. ಒಂದು ಸಂದರ್ಭವನ್ನು ಮುಂದಿಟ್ಟು ‘ಏನು ಮಾಡುತ್ತೀರಿ?’ ಎಂದು ಕೇಳುತ್ತಾರೆ. ಆದ್ದರಿಂದ ಕೆಳಗಿನ ಪ್ರತಿಯೊಂದು ಅಂಶವನ್ನೂ ಒಬ್ಬ ಪಾಲಕರ ಮಾತಾಗಿ ಊಹಿಸಿಕೊಂಡು ಅಭ್ಯಾಸ ಮಾಡಬೇಕು.

ಒಂದನೇ ತರಗತಿಯ ವಯಸ್ಸಿನಿಂದ ಆರಂಭಿಸೋಣ, ಏಕೆಂದರೆ ಅತಿ ಹೆಚ್ಚು ವಾಗ್ವಾದ ನಡೆಯುವುದು ಇಲ್ಲಿಯೇ. ಜೂನ್ 1ಕ್ಕೆ ಮಗುವಿಗೆ 6 ವರ್ಷ ತುಂಬಿರಬೇಕೆಂದು ಕರ್ನಾಟಕ ಸರ್ಕಾರ 2022ರಲ್ಲಿ ಆದೇಶಿಸಿತು. ಅದು ಜಾರಿಗೆ ಬರಬೇಕಾಗಿದ್ದ 2025-26ರ ಸಾಲಿಗೆ, ಯು.ಕೆ.ಜಿ. ಮುಗಿಸಿದ ಮಕ್ಕಳ ಪಾಲಕರ ಒತ್ತಾಯದ ಮೇರೆಗೆ, 5 ವರ್ಷ 5 ತಿಂಗಳಿಗೆ ಸಡಿಲಿಸಲಾಯಿತು. ಈಗ ‘2020ರ ಜೂನ್ 10ರಂದು ಹುಟ್ಟಿದ ಮಗುವನ್ನು 2026ರ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರಿಸಿಕೊಳ್ಳುತ್ತೀರಾ?’ ಎಂದು ಕೇಳಿದರೆ ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿ: ಜೂನ್ 1ಕ್ಕೆ 5 ವರ್ಷ, 11 ತಿಂಗಳು, 22 ದಿನ, ಆರು ತುಂಬಲು ಒಂಬತ್ತು ದಿನ ಬಾಕಿ. ಮೂಲ ನಿಯಮದಂತೆ ಸೇರಿಸಿಕೊಳ್ಳಲು ಬಾರದು, ಆ ಸಾಲಿಗೆ ಸಡಿಲಿಕೆಯ ಸುತ್ತೋಲೆ ಇದೆಯೇ ಎಂದು ನೋಡಿಯೇ ಪಾಲಕರಿಗೆ ಉತ್ತರ ಕೊಡುತ್ತೇನೆ ಎನ್ನಿ. ‘ಒಂಬತ್ತು ದಿನ ತಾನೆ, ಹೊಂದಿಸೋಣ’ ಎಂದವರ ಮೇಲೆ ಸಮಿತಿಗೆ ವಿಶ್ವಾಸ ಹುಟ್ಟುವುದಿಲ್ಲ. ಸಂದರ್ಶನಕ್ಕೆ ಹೋಗುವ ವಾರದಲ್ಲಿ ಚಾಲ್ತಿಯಲ್ಲಿರುವ ಸುತ್ತೋಲೆಯನ್ನು ಶಾಲಾ ಶಿಕ್ಷಣ ಇಲಾಖೆಯ ಜಾಲತಾಣದಿಂದ ಇಳಿಸಿಕೊಂಡು ಓದಿಕೊಳ್ಳುವುದು ಕಡ್ಡಾಯವೆಂದೇ ತಿಳಿಯಿರಿ.

ಮುಂದಿನದು ದಾಖಲೆ ಇಲ್ಲದ ಮಗು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 14ನೇ ಸೆಕ್ಷನ್ ಪ್ರಕಾರ ವಯಸ್ಸಿನ ಪುರಾವೆ ಇಲ್ಲವೆಂಬ ಕಾರಣಕ್ಕೆ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. ಆಧಾರ್ ಇಲ್ಲವೆಂದು ಹಿಂದಕ್ಕೆ ಕಳಿಸುವುದೂ ಸಲ್ಲದು. ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಇನ್ನೊಂದೆಡೆ, 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಜನನ-ಮರಣ ನೋಂದಣಿ ತಿದ್ದುಪಡಿ ಕಾಯ್ದೆಯಂತೆ, ಆ ದಿನದಿಂದೀಚೆಗೆ ಹುಟ್ಟಿದವರಿಗೆ ಜನ್ಮದಿನಾಂಕ ಮತ್ತು ಜನ್ಮಸ್ಥಳದ ಪುರಾವೆಯಾಗಿ ಜನನ ಪ್ರಮಾಣಪತ್ರವೇ ಬೇಕು. ಆ ಮಕ್ಕಳು ಈಗಷ್ಟೇ ನರ್ಸರಿಯ ವಯಸ್ಸಿಗೆ ಬರುತ್ತಿದ್ದಾರೆ. ಆದ್ದರಿಂದ ಸರಿಯಾದ ಉತ್ತರ ‘ಕಾಗದ ತಂದು ಬನ್ನಿ’ ಎಂಬುದೂ ಅಲ್ಲ, ‘ಏನೂ ಬೇಡ’ ಎಂಬುದೂ ಅಲ್ಲ. ಅರ್ಜಿ ಪಡೆದುಕೊಳ್ಳುತ್ತೇನೆ, ಯಾವ ದಾಖಲೆ ಯಾವ ಕಚೇರಿಯಲ್ಲಿ ಸಿಗುತ್ತದೆಂದು ಬರೆದುಕೊಡುತ್ತೇನೆ, ಬಾಕಿ ಪಟ್ಟಿಯಲ್ಲಿ ಆ ಹೆಸರನ್ನಿಟ್ಟು ಬೆನ್ನುಹತ್ತಿ ತರಿಸುತ್ತೇನೆ ಎಂಬುದು ಉತ್ತರ.

ವರ್ಗಾವಣೆ ಪತ್ರದ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಟಿ.ಸಿ. ತಡವಾಯಿತೆಂದು ಪ್ರವೇಶ ತಡೆಯಬಾರದೆಂಬ 5ನೇ ಸೆಕ್ಷನ್ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಗಾವಣೆಯಾಗುವ ಮಗುವಿನ ಹಕ್ಕನ್ನು ಕುರಿತದ್ದು. ಅನುದಾನರಹಿತ ಖಾಸಗಿ ಶಾಲೆಗೆ ಅದು ಹಾಗೆಯೇ ಅನ್ವಯಿಸುವುದಿಲ್ಲ. ಆದರೆ ನಿಮ್ಮ ಶಾಲೆಯಿಂದ ಬಿಟ್ಟುಹೋಗುವ ಮಗುವಿಗೆ ಟಿ.ಸಿ. ಕೊಡದೆ ಸತಾಯಿಸುವುದು ಯಾವ ನ್ಯಾಯದಿಂದಲೂ ಸರಿಯಲ್ಲ ಎಂಬುದನ್ನು ಕೇಳದಿದ್ದರೂ ಹೇಳಬಹುದು.

ಇನ್ನು ಪ್ರವೇಶ ಪರೀಕ್ಷೆ ಮತ್ತು ಡೊನೇಷನ್. ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಎರಡನ್ನೂ ನಿಷೇಧಿಸುತ್ತದೆ: ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಸೋಸಿ ಆರಿಸುವ ಪರೀಕ್ಷೆಗೆ ಮೊದಲ ಸಲ 25,000 ರೂಪಾಯಿವರೆಗೆ, ಮತ್ತೆ ಮಾಡಿದರೆ ಪ್ರತಿಸಲ 50,000 ರೂಪಾಯಿವರೆಗೆ ದಂಡ, ಕ್ಯಾಪಿಟೇಷನ್ ಶುಲ್ಕ, ಅಂದರೆ ಪ್ರಕಟಿಸಿದ ಶುಲ್ಕದ ಹೊರತಾದ ಡೊನೇಷನ್, ವಸೂಲಿ ಮಾಡಿದರೆ ಅದರ ಹತ್ತುಪಟ್ಟಿನವರೆಗೆ ದಂಡ. ಕರ್ನಾಟಕದಲ್ಲಿ 1984ರಿಂದಲೂ ಕ್ಯಾಪಿಟೇಷನ್ ಶುಲ್ಕ ನಿಷೇಧದ ಪ್ರತ್ಯೇಕ ಕಾಯ್ದೆಯಿದೆ. ಆದರೂ ಸಣ್ಣ ತರಗತಿಗಳಿಗೆ ‘ಪರೀಕ್ಷೆ’ ನಡೆಸುವ ಶಾಲೆಗಳಿವೆ, ನೀವು ಕುಳಿತಿರುವ ಸಮಿತಿಯೇ ಅಂತಹ ಶಾಲೆಯದ್ದಾಗಿರಬಹುದು. ಆಗ ಆಪಾದನೆಯ ಧಾಟಿ ಬೇಡ, ಮೌನವೂ ಬೇಡ. ಮಗುವಿನ ಕಲಿಕೆಯ ಮಟ್ಟ ಅರಿಯಲು ಪ್ರವೇಶದ ನಂತರ ಶಿಕ್ಷಕರು ಮಾತನಾಡಿಸಬಹುದು, ಆದರೆ ಅದರ ಫಲದ ಮೇಲೆ ಸೀಟು ಕೊಡುವುದು-ಬಿಡುವುದು ನಿಂತಿರಬಾರದು ಎಂದು ವಿನಯದಿಂದ, ಸ್ಪಷ್ಟವಾಗಿ ಹೇಳಿ. ಈ ಉತ್ತರದಿಂದ ಹುದ್ದೆ ಕೈತಪ್ಪಿದರೆ, ಮುಂದೆ ದಂಡದ ನೋಟಿಸಿಗೆ ಸಹಿ ಹಾಕಬೇಕಾದ ಸ್ಥಾನವೊಂದು ಕೈತಪ್ಪಿತು ಎಂದೇ ತಿಳಿಯಬೇಕು.

ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳಲ್ಲಿ ದುರ್ಬಲ ವರ್ಗದ ಮಕ್ಕಳಿಗಿರುವ ಶೇ. 25ರ ಮೀಸಲು ಸೀಟುಗಳ ಬಗ್ಗೆ ಹಳೆಯ ಮಾಹಿತಿಯನ್ನು ಹೇಳಿ ಸಿಕ್ಕಿಹಾಕಿಕೊಳ್ಳುವವರು ಹಲವರು. 2019-20ರ ಸಾಲಿನಿಂದ ಕರ್ನಾಟಕದಲ್ಲಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಕೊಡುವ ಅಗತ್ಯವಿಲ್ಲವೆಂದು ನಿಯಮ ಬದಲಾಗಿದೆ. ಹಾಗೆಯೇ ಅಲ್ಪಸಂಖ್ಯಾತ ಸಂಸ್ಥೆಗಳು ಈ ಕಾಯ್ದೆಯ ವ್ಯಾಪ್ತಿಗೆ ಬಾರವೆಂದು 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪಿತ್ತಿದೆ. ಕ್ರೈಸ್ತ ಮಿಷನರಿಗಳ ಶಾಲೆಗಳೂ ಭಟ್ಕಳದಂತಹ ಊರಿನ ಮುಸ್ಲಿಂ ಸಂಸ್ಥೆಗಳ ಶಾಲೆಗಳೂ ಇರುವ ನಮ್ಮ ಕರಾವಳಿಯಲ್ಲಿ ಇದು ಬರಿಯ ಪುಸ್ತಕದ ವಿಷಯವಲ್ಲ. ವಿಶೇಷ ಅಗತ್ಯವುಳ್ಳ ಮಕ್ಕಳ ವಿಷಯ ಬಂದಾಗ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನು ನೆನಪಿಡಿ. ಕಾಯ್ದೆಯ ಹೆಸರು ಹೇಳಿ ಸುಮ್ಮನಾಗುವ ಬದಲು, ‘ಇಳಿಜಾರು ದಾರಿ ಇದೆಯೇ, ಆ ಮಗುವಿನ ತರಗತಿಯನ್ನು ನೆಲಮಹಡಿಗೆ ಇಳಿಸಬಹುದೇ ಎಂದು ಮೊದಲು ಪ್ರಾಂಶುಪಾಲರನ್ನು ಕೇಳುತ್ತೇನೆ’ ಎಂಬ ಒಂದು ಮಾತು ಹೆಚ್ಚು ಬೆಲೆಯುಳ್ಳದ್ದು.

ರಜಿಸ್ಟರಿನ ಶಿಸ್ತು

ಕೆಲವು ಶಾಲೆಗಳಲ್ಲಿ ಸಂದರ್ಶನದ ನಡುವೆ ಅಭ್ಯರ್ಥಿಯ ಕೈಗೆ ನಾಲ್ಕಾರು ಕಾಗದಗಳನ್ನು ಕೊಟ್ಟು ‘ಇದರಲ್ಲಿ ತೊಂದರೆ ಏನಿದೆ?’ ಎಂದು ಕೇಳುತ್ತಾರೆ. ಇದಕ್ಕೆ ಮನೆಯಲ್ಲಿಯೇ ತಯಾರಾಗಬಹುದು. ನಿಮ್ಮ ಮನೆಯವರದೇ ಜನನ ಪ್ರಮಾಣಪತ್ರ, ಆಧಾರ್, ಪಡಿತರ ಚೀಟಿ, ಜಾತಿ ಪ್ರಮಾಣಪತ್ರಗಳನ್ನು ಸಾಲಾಗಿ ಇಟ್ಟು ಹೆಸರಿನ ಒಂದೊಂದು ಅಕ್ಷರವನ್ನೂ ಹೋಲಿಸಿ ನೋಡಿ. ಒಂದರಲ್ಲಿ ತಂದೆಯ ಹೆಸರು ನಡುವೆ ಬಂದಿರುತ್ತದೆ, ಇನ್ನೊಂದರಲ್ಲಿ ಬರಿಯ ಇನಿಷಿಯಲ್ ಇರುತ್ತದೆ, ಮತ್ತೊಂದರಲ್ಲಿ ಅಡ್ಡಹೆಸರೇ ಬಿಟ್ಟುಹೋಗಿರುತ್ತದೆ. ನಮ್ಮ ಜಿಲ್ಲೆಯಲ್ಲಿ ನಾಯ್ಕ ಮತ್ತು ನಾಯಕ ಎಂಬ ಅಡ್ಡಹೆಸರುಗಳು ಬೇರೆ ಬೇರೆ ಸಮುದಾಯಗಳಿಗೆ ಸೇರಿದವು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಅವೆರಡೂ ಕಲಸಿಹೋಗುವುದು ಸಾಮಾನ್ಯ. ಅಡ್ಡಹೆಸರು ನೋಡಿ ಜಾತಿಯ ಕಾಲಂ ತುಂಬುವುದು ಈ ಕಾರಣಕ್ಕೇ ಅಪಾಯಕಾರಿ. ನಾಡಕಚೇರಿಯ ಪ್ರಮಾಣಪತ್ರವನ್ನು ಕಣ್ಣಾರೆ ಕಂಡು, ಅದರ ಆರ್.ಡಿ. ಸಂಖ್ಯೆಯನ್ನು ಬರೆದುಕೊಂಡೇ ಆ ಕಾಲಂ ತುಂಬುತ್ತೇನೆ ಎಂದು ಹೇಳುವ ಅಭ್ಯರ್ಥಿಗೆ ಈ ನೆಲದ ಅನುಭವವಿದೆಯೆಂದು ಸಮಿತಿಗೆ ಕೂಡಲೇ ತಿಳಿಯುತ್ತದೆ.

ಸ್ಯಾಟ್ಸ್ ತಂತ್ರಾಂಶದಲ್ಲಿ ರಾಜ್ಯದ ಪ್ರತಿ ವಿದ್ಯಾರ್ಥಿಗೂ ಒಂದು ಸಂಖ್ಯೆ ಇರುತ್ತದೆ. ಮಗು ಶಾಲೆ ಬದಲಿಸಿದರೂ ಆ ಸಂಖ್ಯೆ ಬದಲಾಗುವುದಿಲ್ಲ. ಕೇಂದ್ರ ಸರ್ಕಾರದ ಶಾಲಾ ಮಾಹಿತಿ ಜಾಲತಾಣವಾದ ಯುಡೈಸ್ ಪ್ಲಸ್‌ನಲ್ಲಿ ಶಾಲೆಯ ಮತ್ತು ಮಕ್ಕಳ ಮಾಹಿತಿ ತುಂಬಬೇಕು. ಅಪಾರ್ ಎಂಬ ರಾಷ್ಟ್ರಮಟ್ಟದ ವಿದ್ಯಾರ್ಥಿ ಗುರುತಿನ ಸಂಖ್ಯೆಗೆ ಪಾಲಕರ ಒಪ್ಪಿಗೆ ಬೇಕು. ಇವುಗಳನ್ನು ಬಳಸಿ ಗೊತ್ತಿಲ್ಲದಿದ್ದರೆ ಗೊತ್ತೆಂದು ಹೇಳಬೇಡಿ. ಪರಿಚಯದ ಶಾಲೆಯ ಗುಮಾಸ್ತರ ಬಳಿ ಒಂದು ಮಧ್ಯಾಹ್ನ ಕುಳಿತು ಅವರು ಹೇಗೆ ನಮೂದಿಸುತ್ತಾರೆಂದು ನೋಡಿಕೊಂಡು ಬಂದು, ‘ನೋಡಿದ್ದೇನೆ, ಸ್ವತಃ ಮಾಡಿಲ್ಲ’ ಎಂದು ಹೇಳುವುದೇ ಮೇಲು. ಹತ್ತನೇ ತರಗತಿಯ ಅಂಕಪಟ್ಟಿ ಕೈಗೆ ಬಂದ ಮೇಲೆ ಹೆಸರು ಅಥವಾ ಜನ್ಮದಿನಾಂಕದ ತಿದ್ದುಪಡಿಗೆ ಕುಟುಂಬಗಳು ಎಷ್ಟು ಅಲೆಯಬೇಕಾಗುತ್ತದೆ ಎಂಬುದನ್ನು ಕಂಡವರಾದರೆ, ದಾಖಲಾತಿಯ ದಿನವೇ ಪಾಲಕರಿಗೆ ನಮೂದನ್ನು ಓದಿ ಹೇಳಿ ಸಹಿ ಪಡೆಯುವ ಪದ್ಧತಿಯನ್ನು ನೀವಾಗಿಯೇ ಪ್ರಸ್ತಾಪಿಸಿ.

ಪಾಲಕರ ಫೋನ್ ಸಂಖ್ಯೆ, ಆದಾಯ, ಮಗುವಿನ ಫೋಟೊ ಇವೆಲ್ಲ ನಿಮ್ಮ ವಶದಲ್ಲಿರುತ್ತವೆ. ಅವುಗಳನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದಿಲ್ಲ, ಟ್ಯೂಷನ್ ಕೇಂದ್ರಗಳಿಗೆ ಕೊಡುವುದಿಲ್ಲ ಎಂಬ ಖಾತ್ರಿ ನಿಮ್ಮ ಮಾತಿನಲ್ಲಿರಲಿ.

ಮೇಜಿನ ಆಚೆಗಿನವರು

ಪಾಲಕರೊಡನೆ ಹೇಗೆ ಮಾತನಾಡುತ್ತೀರಿ ಎಂದು ತಿಳಿಯಲು ಸಮಿತಿಯ ಸದಸ್ಯರೊಬ್ಬರು ತಾವೇ ಪಾಲಕರಾಗಿ ಅಭಿನಯಿಸುವುದುಂಟು. ಅತಿ ಸಂಭವನೀಯ ಸನ್ನಿವೇಶ ಶುಲ್ಕದ್ದು, ಮತ್ತು ಅದಕ್ಕೆ ನಮ್ಮ ಕರಾವಳಿಯಲ್ಲಿ ಒಂದು ಋತುಮಾನವಿದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಶಾಲೆ ಶುರುವಾಗಿ ಶುಲ್ಕದ ಮೊದಲ ಕಂತು ಬರಬೇಕಾದ ಹೊತ್ತಿಗೆ ಸರಿಯಾಗಿ ಬೈತಖೋಲಿನಲ್ಲಿಯೂ ತದಡಿಯಲ್ಲಿಯೂ ಬೋಟುಗಳು ದಡದಲ್ಲಿ ನಿಂತಿರುತ್ತವೆ. ಘಟ್ಟದ ಮೇಲೆ ಅಡಿಕೆಯ ಕೊಯ್ಲು ಚಳಿಗಾಲದ್ದು. ಬೆಳೆದವರ ಕೈಯಲ್ಲಿ ದುಡ್ಡು ಓಡಾಡುವುದೂ ಮಳೆಗಾಲದ ಆರಂಭದಲ್ಲಲ್ಲ.

‘ಅಕ್ಕೋರೇ, ಬೋಟು ನಿಂತಿದೆ, ಈಗ ಅಷ್ಟು ದುಡ್ಡಿಲ್ಲ’ ಎಂದು ತಾಯಿಯೊಬ್ಬರು ಹೇಳಿದರೆ, ‘ನಿಯಮ ನಿಯಮವೇ’ ಎನ್ನುವ ಉತ್ತರವೂ ‘ಆಗಲಿ ಬಿಡಿ, ನೋಡೋಣ’ ಎನ್ನುವ ಉತ್ತರವೂ ಅವರನ್ನು ಕೈಬಿಟ್ಟಂತೆಯೇ. ‘ಅಮ್ಮಾ, ಅರ್ಜಿ ಇಲ್ಲಿ ಕೊಟ್ಟು ಹೋಗಿ. ಆಗಸ್ಟ್ ನಂತರ ಕಂತಿನಲ್ಲಿ ಕಟ್ಟಲು ಅವಕಾಶ ಕೊಡಬಹುದೇ ಎಂದು ಪ್ರಾಂಶುಪಾಲರನ್ನು ಕೇಳಿ, ನಾಳೆ ಸಂಜೆಯೊಳಗೆ ನಾನೇ ಫೋನ್ ಮಾಡಿ ಹೇಳುತ್ತೇನೆ’ ಎಂಬುದು ನನಗೆ ಸರಿಯೆನಿಸುವ ಉತ್ತರ. ನಿಮ್ಮ ಅಧಿಕಾರದಲ್ಲಿಲ್ಲದ ರಿಯಾಯಿತಿಯ ಮಾತು ಕೊಡಬಾರದು. ಆದರೆ ಕೇಳಿಬರುವ ಹೊಣೆ ನಿಮ್ಮದಾಗಿರಬೇಕು, ಯಾವಾಗ ಉತ್ತರ ಸಿಗುತ್ತದೆಂಬುದು ಅವರಿಗೆ ತಿಳಿದಿರಬೇಕು.

ಭಾಷೆಯ ವಿಷಯದಲ್ಲಿ ಇಷ್ಟು ಹೇಳಬೇಕು. ಇಂಗ್ಲಿಷ್ ಮಾಧ್ಯಮದ ಶಾಲೆಯಾದರೆ ಸಂದರ್ಶನದ ಒಂದಷ್ಟು ಭಾಗ ಇಂಗ್ಲಿಷಿನಲ್ಲಿ ನಡೆಯುತ್ತದೆ, ಅದಕ್ಕೆ ಸಿದ್ಧರಿರಿ. ಆದರೆ ಪಾಲಕರ ಪಾತ್ರದಲ್ಲಿ ಯಾರಾದರೂ ಕನ್ನಡದಲ್ಲಿಯೋ ಕೊಂಕಣಿಯಲ್ಲಿಯೋ ಮಾತನಾಡಿದರೆ ಅದೇ ಭಾಷೆಗೆ ತಿರುಗಿ. ಕೊಂಕಣಿ, ಮರಾಠಿ, ಉರ್ದು, ನವಾಯತಿ ಇವುಗಳಲ್ಲಿ ಯಾವುದು ಬಂದರೂ ಬಯೋಡೇಟಾದಲ್ಲಿ ಬರೆಯಿರಿ. ಕಾರವಾರದಿಂದ ಭಟ್ಕಳದವರೆಗೆ ಇದು ನಿಜವಾದ ಅರ್ಹತೆ.

ಪ್ರಭಾವಿ ವ್ಯಕ್ತಿಯ ಶಿಫಾರಸು ಚೀಟಿ ಹಿಡಿದು ಬಂದವರನ್ನು ಏನು ಮಾಡುತ್ತೀರೆಂಬ ಪ್ರಶ್ನೆಯೂ ಬರುತ್ತದೆ. ಚೀಟಿಯನ್ನು ಅರ್ಜಿಯ ಜೊತೆ ಸೇರಿಸುವುದಿಲ್ಲ, ಅರ್ಜಿಯ ಕ್ರಮಸಂಖ್ಯೆ ಬದಲಾಗುವುದಿಲ್ಲ, ವಿಷಯವನ್ನು ಮೇಲಿನವರ ಗಮನಕ್ಕೆ ತರುತ್ತೇನೆ ಎಂದು ಹೇಳಿದರೆ ಸಾಕು.

ಅಂಕಿಸಂಖ್ಯೆಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ವಿಚಾರಿಸಲು ಬಂದವರೆಷ್ಟು, ಅರ್ಜಿ ಕೊಟ್ಟವರೆಷ್ಟು, ಶುಲ್ಕ ಕಟ್ಟಿದವರೆಷ್ಟು ಎಂಬುದನ್ನು ಎಕ್ಸೆಲ್‌ನಲ್ಲಿ ವಾರವಾರ ತೋರಿಸಬಲ್ಲಿರಾದರೆ ಸಾಕು. ಊರಿನ ಕ್ಯಾಲೆಂಡರ್ ಮಾತ್ರ ತಲೆಯಲ್ಲಿರಲಿ: ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ ಪಾಲಕರ ಸಭೆ ಇಟ್ಟರೆ ಯಾರೂ ಬರುವುದಿಲ್ಲ. ಮಳೆಗಾಲದ ದಾರಿಯ ಬಗೆಗೂ ಒಂದು ಪ್ರಶ್ನೆ ನಿರೀಕ್ಷಿಸಿ. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದು, ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೆಯ ಸೇತುವೆ ಬಿದ್ದ ಮೇಲೆ, ಹೆದ್ದಾರಿ 66ರಲ್ಲಿ ಮಗುವನ್ನು ವಾಹನದಲ್ಲಿ ಕಳಿಸುವ ಪಾಲಕರ ಭಯ ಅರ್ಥವಾಗುವಂಥದ್ದು. ಶಾಲಾ ವಾಹನದ ದಾರಿ, ಚಾಲಕರ ಪರಿಶೀಲನೆ, ಜಿಲ್ಲಾಧಿಕಾರಿಗಳು ರಜೆ ಘೋಷಿಸಿದಾಗ ಸಂದೇಶ ತಲುಪುವ ಕ್ರಮ ಇವುಗಳನ್ನು ತಿಳಿಸದೆ ‘ಚಿಂತೆ ಬೇಡ’ ಎನ್ನುವುದರಿಂದ ಆ ಭಯ ಹೋಗುವುದಿಲ್ಲ.

ಸಂದರ್ಶನದ ದಿನ

ಘಟ್ಟ ಇಳಿದು ಅಥವಾ ಹತ್ತಿ ಹೋಗಬೇಕಾದವರು, ಮಳೆಗಾಲವಾದರೆ, ಹಿಂದಿನ ದಿನವೇ ತಲುಪುವುದು ಒಳ್ಳೆಯದು. ದೇವಿಮನೆ ಘಟ್ಟವಾಗಲಿ ಅರಬೈಲ್ ಘಟ್ಟವಾಗಲಿ ಬಸ್ಸಿನ ವೇಳೆಗೆ ಬದ್ಧವಾಗಿರುವುದಿಲ್ಲ. ಮೂಲ ಪ್ರಮಾಣಪತ್ರಗಳು, ಸ್ವಯಂ ದೃಢೀಕರಿಸಿದ ಪ್ರತಿಗಳು, ಹಿಂದಿನ ಕೆಲಸದ ಅನುಭವ ಪತ್ರ ಇವು ಒಂದೇ ಫೈಲಿನಲ್ಲಿ ಕ್ರಮವಾಗಿರಲಿ. ಇತರರ ಕಾಗದಪತ್ರ ಕಾಯುವ ಹುದ್ದೆಗೆ ಬಂದವರು ತಮ್ಮ ಕಾಗದಕ್ಕಾಗಿ ಚೀಲ ತಡಕಾಡುವುದನ್ನು ಸಮಿತಿ ಗಮನಿಸುತ್ತದೆ.

ಕೊನೆಯಲ್ಲಿ ‘ನಿಮ್ಮ ಪ್ರಶ್ನೆಗಳೇನಾದರೂ ಇವೆಯೇ?’ ಎಂದಾಗ ಇಲ್ಲವೆನ್ನಬೇಡಿ. ಪ್ರವೇಶದ ಅಂತಿಮ ತೀರ್ಮಾನ ಯಾರದ್ದು, ನಿಮ್ಮದೇ ಅಥವಾ ಪ್ರಾಂಶುಪಾಲರದ್ದೇ ಎಂದು ಕೇಳಿ. ಶುಲ್ಕದ ಪೂರ್ತಿ ವಿವರ ಸೂಚನಾ ಫಲಕದಲ್ಲಿದೆಯೇ, ಪ್ರತಿ ರೂಪಾಯಿಗೂ ರಸೀದಿ ಕೊಡಲಾಗುತ್ತದೆಯೇ ಎಂದು ಕೇಳಿ. ಸಂಬಳವು ತಂದ ಮಕ್ಕಳ ಲೆಕ್ಕದ ಮೇಲೆ ನಿಂತಿದೆಯೇ ಎಂಬುದನ್ನಂತೂ ಕೇಳಲೇಬೇಕು. ತಲೆಗಿಷ್ಟು ಎಂದು ಕಮಿಷನ್ ಕೊಡುವ ವ್ಯವಸ್ಥೆಯಲ್ಲಿ, ಈ ಮಗುವಿಗೆ ನಿಮ್ಮ ಮನೆಯ ಹತ್ತಿರದ ಶಾಲೆಯೇ ಒಳ್ಳೆಯದು ಎಂದು ಪಾಲಕರಿಗೆ ಹೇಳುವ ಸ್ವಾತಂತ್ರ್ಯ ಉಳಿಯುವುದಿಲ್ಲ. ಅಂತಹ ಷರತ್ತನ್ನು ಒಪ್ಪಿಕೊಳ್ಳಬೇಡಿರೆಂಬುದು ನನ್ನ ಸಲಹೆ. ಪ್ರೊಬೇಷನ್ ಅವಧಿ, ಏಪ್ರಿಲ್‌ನಿಂದ ಜೂನ್‌ವರೆಗಿನ ಭಾನುವಾರದ ಕೆಲಸ, ಅದಕ್ಕೆ ಬದಲಿ ರಜೆ ಇವುಗಳು ನೇಮಕಾತಿ ಆದೇಶದಲ್ಲಿ ಬರಹದಲ್ಲಿರುತ್ತವೆಯೇ ಎಂದು ಕೇಳಿ, ಉತ್ತರವನ್ನು ಅಲ್ಲಿಯೇ ಬರೆದುಕೊಳ್ಳಿ.